ಹಿಂದಿನ ಆಸನದ ಅಭಿಪ್ರಾಯ

ದೇಶ ಸುತ್ತಬೇಕು, ಕೋಶ ಓದಬೇಕು ಎಂದು ಹಿರಿಯರು ಹೇಳಿದರು. ಸುತ್ತುವಾಗ ಯಾವುದರಲ್ಲಿ ಕುಳಿತಿರಬೇಕು ಎಂಬುದನ್ನು ಮಾತ್ರ ನಮ್ಮ ವಿವೇಚನೆಗೆ ಬಿಟ್ಟರು. ಅವರ ಕಾಲದಲ್ಲಿ ಆ ಪ್ರಶ್ನೆ ಅಷ್ಟು ಜಟಿಲವಾಗಿರಲಿಲ್ಲ. ಮನೆಯಲ್ಲಿ ಗಾಡಿ ಇದ್ದರೆ ಗಾಡಿ, ಇಲ್ಲದಿದ್ದರೆ ಕಾಲುನಡಿಗೆ. ಈಗ ಹಾಗಲ್ಲ. ಟಾರು ರಸ್ತೆ ಮುಗಿದಲ್ಲಿಂದಲೇ ತಮ್ಮ ರಜೆ ಆರಂಭವಾಗುವುದೆಂದು ಭಾವಿಸುವ ಕುಟುಂಬಗಳು ನಮ್ಮಲ್ಲಿ ಸಾಕಷ್ಟಿವೆ. ಡೇರೆ, ಹಾಸಿಗೆ, ಒಲೆ, ಪಾತ್ರೆಗಳನ್ನು ಹೇರಿಕೊಂಡು ಮಲೆನಾಡಿನ ಯಾವುದಾದರೊಂದು ತೋಟದ ಅಂಚಿನಲ್ಲಿ ಎರಡು ರಾತ್ರಿ ಕಳೆದು ಬರುವ ಹಂಬಲ ಮೆಚ್ಚತಕ್ಕದ್ದೇ. ಆದರೆ ಅದಕ್ಕೆ ಸುಖವಾದ ವಾಹನ ಯಾವುದೆಂಬ ಪ್ರಶ್ನೆ ಬಂದಾಗ ನಮ್ಮ ಜನ ತಪ್ಪು ಜಾಗದಲ್ಲಿ ಕುಳಿತು ಉತ್ತರ ಹುಡುಕುತ್ತಾರೆ. ಆ ತಪ್ಪು ಜಾಗವೇ ಚಾಲಕನ ಆಸನ.

ವಾಹನ ಮಾರುವ ಅಂಗಡಿಯಲ್ಲಿ ನಡೆಯುವ ವ್ಯವಹಾರವನ್ನು ನೋಡಿ. ಯಜಮಾನರು ಒಳಗೆ ಬಂದೊಡನೆ ಮಾರಾಟದ ಯುವಕ ಮುಂದಿನ ಬಾಗಿಲು ತೆರೆದು, 'ಬನ್ನಿ ಸರ್, ಸ್ಟೀರಿಂಗ್ ಹಿಡಿದು ನೋಡಿ' ಎನ್ನುತ್ತಾನೆ. ಯಜಮಾನರು ಹಿಡಿದು ನೋಡುತ್ತಾರೆ. ಎತ್ತರದಿಂದ ರಸ್ತೆ ಕಾಣುತ್ತದೆ, ಎಂಜಿನು ಗುಡುಗುತ್ತದೆ, ಮೀಸೆ ಇಲ್ಲದವರ ಕೈಯೂ ಮೀಸೆಯ ಕಡೆಗೆ ಹೋಗುತ್ತದೆ. ಮನೆಯಾಕೆ, ಮಕ್ಕಳು, ವಯಸ್ಸಾದ ತಾಯಿ ಅಂಗಡಿಯ ಸೋಫಾದಲ್ಲಿ ಕಾಫಿ ಕುಡಿಯುತ್ತಾ ಕಾದಿರುತ್ತಾರೆ. ಮುಂದೆ ಹತ್ತು ವರ್ಷ ಆ ವಾಹನದ ಹಿಂಭಾಗದಲ್ಲಿ ಕುಳಿತು ಕುಲುಕಬೇಕಾದವರು ಅವರು. ಕೊಳ್ಳುವ ನಿರ್ಧಾರದಲ್ಲಿ ಅವರ ಪಾಲಿಗೆ ಬರುವುದು ಬಹುಮಟ್ಟಿಗೆ ಬಣ್ಣದ ಆಯ್ಕೆಯೊಂದೇ.

ಒಂದೇ ರಸ್ತೆಯಾದರೂ ಅದು ಚಾಲಕನ ಮೈಗೆ ತಾಗುವ ಬಗೆ ಬೇರೆ, ಹಿಂದೆ ಕುಳಿತವರ ಮೈಗೆ ತಾಗುವ ಬಗೆ ಬೇರೆ. ಇದಕ್ಕೆ ಮೂರು ಕಾರಣಗಳುಂಟು. ಮೊದಲನೆಯದು ದೃಷ್ಟಿ: ಹಳ್ಳ ಬರುವುದನ್ನು ಚಾಲಕ ಮೊದಲೇ ಕಂಡು, ತನಗೆ ಅರಿವಿಲ್ಲದೆಯೇ ಬೆನ್ನನ್ನು ಬಿಗಿಹಿಡಿದಿರುತ್ತಾನೆ. ಎರಡನೆಯದು ಆಧಾರ: ಅವನ ಎರಡು ಕೈಗಳಿಗೂ ಸ್ಟೀರಿಂಗು ಇದೆ. ಮೂರನೆಯದು ಸ್ಥಾನ: ಮುಂದಿನ ಆಸನ ಎರಡು ಅಚ್ಚುಗಳ ನಡುವೆ ಇರುತ್ತದೆ; ಹಿಂದಿನ ಆಸನವಾದರೋ ಹಿಂದಿನ ಅಚ್ಚಿಗೆ ಸಮೀಪ, ಕೆಲವು ವಾಹನಗಳಲ್ಲಿ ಅಚ್ಚಿನ ಮೇಲೆಯೇ. ಚಕ್ರ ಗುಂಡಿಗೆ ಬಿದ್ದರೆ ಆ ಪೆಟ್ಟು ನೇರವಾಗಿ ಬೆನ್ನುಮೂಳೆಗೆ ಸಂದಾಯ. ಹೊಟ್ಟೆ ತೊಳಸುವ ಕಥೆಯೂ ಇಷ್ಟೇ. ಕಿವಿಯೊಳಗಿನ ಸಮತೋಲನದ ಅಂಗವು 'ನಾವು ಹೊರಳಾಡುತ್ತಿದ್ದೇವೆ' ಎನ್ನುತ್ತದೆ. ಮುಂದಿನ ಆಸನದ ಬೆನ್ನನ್ನೇ ದಿಟ್ಟಿಸುತ್ತಿರುವ ಕಣ್ಣು 'ಇಲ್ಲವಲ್ಲ' ಎನ್ನುತ್ತದೆ. ಈ ವ್ಯಾಜ್ಯದಲ್ಲಿ ಸೋಲುವುದು ಹೊಟ್ಟೆ. ಆಗುಂಬೆಯ 14 ತಿರುವುಗಳಲ್ಲಿ ವಾಹನ ನಿಲ್ಲಿಸಿ ನಿಂಬೆಹಣ್ಣು ಮೂಸುವವರು ಹಿಂದಿನಿಂದ ಇಳಿದವರೇ ಹೊರತು ಚಾಲಕರಲ್ಲ.

ನಮ್ಮ ಹಿಂದಿನವರಿಗೆ ಈ ತತ್ತ್ವ ತಿಳಿದಿತ್ತೆಂದು ತೋರುತ್ತದೆ. ಕಮಾನು ಗಾಡಿಯಲ್ಲಿ ಜಾತ್ರೆಗೆ ಹೊರಟಾಗ ಒಣಹುಲ್ಲನ್ನು ದಪ್ಪನಾಗಿ ಹರಡಿ, ಮೇಲೆ ಜಮಖಾನ ಹಾಸುತ್ತಿದ್ದುದು ಒಳಗೆ ಕುಳಿತವರಿಗಾಗಿ. ಗಾಡಿ ಹೊಡೆಯುವವನು ಮುಂದೆ ಮೂಕಿಯ ಬಳಿ ಬರಿಯ ಮರದ ಮೇಲೆ ಕುಳಿತಿರುತ್ತಿದ್ದ. ಸುಖವು ಯಾರಿಗೆ ಸೇರಬೇಕಾದುದೆಂಬ ವಿಷಯದಲ್ಲಿ ಆ ಕಾಲದಲ್ಲಿ ಗೊಂದಲವಿರಲಿಲ್ಲ.

ಗೊಂದಲ ಬಂದುದು ಜೀಪಿನ ಜೊತೆಗೆ. 1941ರಲ್ಲಿ ಅಮೆರಿಕದ ಸೈನ್ಯಕ್ಕಾಗಿ ತಯಾರಾದ ವಿಲ್ಲೀಸ್ ಜೀಪಿನ ಮುಂದಿನ ಅಚ್ಚಿಗೂ ಹಿಂದಿನ ಅಚ್ಚಿಗೂ ನಡುವಣ ಅಂತರ 80 ಅಂಗುಲ, ಎಂದರೆ ಸುಮಾರು 2032 ಮಿಲಿಮೀಟರು. ಯುದ್ಧದ ತರುವಾಯ ಮಹೀಂದ್ರ ಕಂಪನಿಯು ಮುಂಬಯಿಯಲ್ಲಿ ಅದನ್ನು ಜೋಡಿಸಲು ತೊಡಗಿ, ನಮ್ಮ ಕಾಡುಮೇಡುಗಳಿಗೂ ಜೀಪು ಬಂದಿತು. ಕೊಡಚಾದ್ರಿಯ ಕಲ್ಲುದಾರಿಯಲ್ಲಿ ಯಾತ್ರಿಕರನ್ನು ಹೊತ್ತು ಹೆಸರಾದುದೂ ಜೀಪೇ. ಅದು ಹತ್ತದ ಏರಿಲ್ಲ ಎಂಬುದು ನಿಜ. ಆದರೆ ಅಚ್ಚುಗಳ ಅಂತರ ಕಿರಿದಾದಷ್ಟೂ ವಾಹನ ತೊಟ್ಟಿಲಿನಂತೆ ಹಿಂದುಮುಂದಾಗಿ ತೂಗಾಡುವುದು ಹೆಚ್ಚು. ಕೊಡಚಾದ್ರಿಯಿಂದ ಇಳಿದವರೆಲ್ಲ ಜೀಪನ್ನು ಹೊಗಳುತ್ತಾರೆ. ಮತ್ತೊಮ್ಮೆ ಅದರ ಹಿಂಭಾಗದಲ್ಲಿ ಕೂರಲು ಮುಂದಾಗುವವರು ವಿರಳ.

ಇಂದಿನ ವಾಹನಗಳನ್ನು ಈ ಅಳತೆಗೋಲಿನಿಂದಲೇ ನೋಡಬಹುದು. 2020ರಲ್ಲಿ ಹೊಸ ರೂಪ ತಳೆದ ಮಹೀಂದ್ರ ಥಾರ್‌ನಲ್ಲಿ ಅಚ್ಚುಗಳ ಅಂತರ 2450 ಮಿಲಿಮೀಟರು. ಇಕ್ಕೆಲಗಳಲ್ಲಿ ಇರುವುದು ಒಂದೊಂದೇ ಬಾಗಿಲು. ಹಿಂದೆ ಕೂರುವವರು ಮುಂದಿನ ಆಸನವನ್ನು ಬಾಗಿಸಿ ನುಸುಳಬೇಕು. 2023ರಲ್ಲಿ ನಮ್ಮಲ್ಲಿ ಬಿಡುಗಡೆಯಾದ ಮಾರುತಿ ಸುಜುಕಿ ಜಿಮ್ನಿಯಲ್ಲಿ ಈ ಅಂತರ 2590. ಹಿಂದಿನವರಿಗೆ ಪ್ರತ್ಯೇಕ ಬಾಗಿಲುಗಳಿವೆ. ಆದರೆ ನಾಲ್ವರಿಗೆ ಮಾತ್ರ ಸ್ಥಳ, ನಾಲ್ವರೂ ಕುಳಿತ ಮೇಲೆ ಸಾಮಾನಿಗೆ ಉಳಿಯುವ ಜಾಗ ಅಲ್ಪ. 2024ರಲ್ಲಿ ಬಂದ ಐದು ಬಾಗಿಲಿನ ಫೋರ್ಸ್ ಗೂರ್ಖಾದಲ್ಲಿ 2825, ಅದೇ ವರ್ಷದ ಥಾರ್ ರಾಕ್ಸ್‌ನಲ್ಲಿ 2850. ಅಂತರ ಹೆಚ್ಚಿದಂತೆ ತೂಗಾಟ ತಗ್ಗುತ್ತದೆ, ಮೊಣಕಾಲಿಗೆ ಜಾಗ ಸಿಗುತ್ತದೆ. ಅದಕ್ಕೆ ತೆರಬೇಕಾದ ಬೆಲೆಯೂ ಉಂಟು: ಉದ್ದನೆಯ ವಾಹನದ ಹೊಟ್ಟೆ ದಿಣ್ಣೆಯ ನೆತ್ತಿಗೆ ತಾಗುವ ಸಂಭವ ಹೆಚ್ಚು, ತೋಟದ ಇಕ್ಕಟ್ಟಾದ ತಿರುವಿನಲ್ಲಿ ಅದು ಸುಲಭವಾಗಿ ತಿರುಗದು. ಎರಡು ದಿನದ ಬಿಡಾರಕ್ಕೆ ಹೊರಟ ಸಂಸಾರಸ್ಥರು ಈ ಬೆಲೆಯನ್ನು ಸಂತೋಷದಿಂದ ತೆರಬಹುದೆಂದು ನಮ್ಮ ಮತ. ಇಲ್ಲೊಂದು ಎಚ್ಚರಿಕೆ ಅಗತ್ಯ. ಥಾರ್ ಮತ್ತು ಥಾರ್ ರಾಕ್ಸ್ ಎರಡೂ ಹಿಂದಿನ ಎರಡು ಚಕ್ರಗಳಿಗೆ ಮಾತ್ರ ಶಕ್ತಿ ಹರಿಯುವ ಮಾದರಿಯಲ್ಲಿಯೂ ಮಾರಾಟಕ್ಕೆ ಬಂದಿವೆ. ಹೊರನೋಟಕ್ಕೆ ವ್ಯತ್ಯಾಸ ಹೆಚ್ಚೇನೂ ಕಾಣದು. ಕೆಸರಿನಲ್ಲಿ ಹೂತಾಗ ಚೆನ್ನಾಗಿ ಕಾಣುತ್ತದೆ.

ನಾಲ್ಕು ಚಕ್ರಗಳಿಗೂ ಶಕ್ತಿ, ತಗ್ಗು ಗೇರುಗಳು, ಡಿಫರೆನ್ಷಿಯಲ್ ಲಾಕ್ ಮುಂತಾದುವೆಲ್ಲ ಸಾಹಸಿಗಳ ಆಟಿಕೆಗಳೆಂದು ಹಲವರ ಭಾವನೆ. ವಾಸ್ತವವಾಗಿ ಅವು ಹಿಂದೆ ಕುಳಿತವರ ರಕ್ಷಕರು. ಸಾಧಾರಣ ವಾಹನದ ಒಂದು ಚಕ್ರ ನೆಲದಿಂದ ಮೇಲೆದ್ದರೆ ಶಕ್ತಿಯೆಲ್ಲ ಅತ್ತ ಹರಿದು ಅದು ವ್ಯರ್ಥವಾಗಿ ಸುತ್ತುತ್ತದೆ. ನೆಲ ಹಿಡಿದಿರುವ ಜೊತೆ ಚಕ್ರ ಸುಮ್ಮನೆ ನಿಲ್ಲುತ್ತದೆ. ಆಗ ಚಾಲಕನಿಗೆ ಉಳಿಯುವ ದಾರಿಯೊಂದೇ: ಹಿಂದೆ ಸರಿದು, ವೇಗವಾಗಿ ಬಂದು ನುಗ್ಗುವುದು. ಆ ನುಗ್ಗಾಟದಲ್ಲಿ ಮಕ್ಕಳ ತಲೆ ಕಿಟಕಿಗೆ ಬಡಿಯುತ್ತದೆ. ಲಾಕ್ ಇದ್ದರೆ ಎರಡು ಚಕ್ರಗಳೂ ಒಟ್ಟಿಗೆ ತಿರುಗಿ ವಾಹನ ಆಮೆಯಂತೆ ಏರಿ ಹೋಗುತ್ತದೆ. ಗೂರ್ಖಾದಲ್ಲಿ ಇಂತಹ ಲಾಕ್ ಮುಂದಿನ ಅಚ್ಚಿಗೂ ಹಿಂದಿನ ಅಚ್ಚಿಗೂ ಇದೆ. ಕಾಡುದಾರಿಯಲ್ಲಿ ನಿಧಾನವೇ ಸುಖ. ಯಂತ್ರದ ಒಳ್ಳೆಯ ಗುಣವೆಂದರೆ ನಿಧಾನವಾಗಿ ಹೋಗಲು ಬಿಡುವ ಗುಣ.

ಇನ್ನು ಸ್ಪ್ರಿಂಗುಗಳ ವಿಚಾರ. ಭಾರ ಹೊರಲೆಂದೇ ಮಾಡಿದ ಪಿಕಪ್ ವಾಹನಗಳ ಹಿಂಭಾಗದಲ್ಲಿ ಸಾಮಾನ್ಯವಾಗಿ ಪಟ್ಟಿಪಟ್ಟಿಯಾದ ಲೀಫ್ ಸ್ಪ್ರಿಂಗು ಇರುತ್ತದೆ. ಬರಿದಾಗಿದ್ದಾಗ ಅದು ಕುಪ್ಪಳಿಸುತ್ತದೆ. ಭಾರ ಬಿದ್ದ ಮೇಲೆ ಸ್ವಭಾವ ಮೃದುವಾಗುತ್ತದೆ. ಸುರುಳಿ ಸ್ಪ್ರಿಂಗಿನ ವಾಹನ ಬರಿದಾಗಿದ್ದಾಗಲೂ ಸೌಮ್ಯ. ಮಿತಿ ಮೀರಿ ಹೇರಿದರೆ ಕುಗ್ಗಿ ಕುಳಿತು, ಪ್ರತಿಯೊಂದು ಗುಂಡಿಯಲ್ಲೂ ತಳ ಬಡಿಯುತ್ತದೆ. ಆದುದರಿಂದ ತೂಕದ ಲೆಕ್ಕ ಮಾಡದೆ ಸುಖದ ಮಾತಾಡುವುದು ವ್ಯರ್ಥ. ತಲಾ 65 ಕಿಲೋ ತೂಗುವ ಐವರೆಂದರೆ 325 ಕಿಲೋ. 20 ಲೀಟರಿನ ಎರಡು ಕ್ಯಾನು ನೀರೆಂದರೆ ಇನ್ನೊಂದು 40. ಡೇರೆ, ಹಾಸಿಗೆ, ಒಲೆ, ದಿನಸಿ ಸೇರಿದರೆ ಲೆಕ್ಕ 400ನ್ನು ದಾಟಿತೆಂದೇ ತಿಳಿಯಿರಿ. ವಾಹನದ ಕೈಪಿಡಿಯಲ್ಲಿ ಅದು ಹೊರಬಹುದಾದ ಭಾರವನ್ನು ಅಚ್ಚು ಹಾಕಿಸಿರುತ್ತಾರೆ. ಮಾಡಿನ ಮೇಲೆ ಎಷ್ಟು ಹೇರಬಹುದೆಂಬುದಕ್ಕೆ ಬೇರೆಯೇ ಮಿತಿಯಿರುತ್ತದೆ. ಮಾಡಿನ ಮೇಲೆ ಬಿಚ್ಚುವ ಡೇರೆಗಳು ಕಾಣಲು ಸೊಗಸು. ಆದರೆ ಐವತ್ತು ಅರವತ್ತು ಕಿಲೋ ನೆತ್ತಿಗೇರಿದ ಮೇಲೆ ವಾಹನ ಅಡ್ಡಡ್ಡಲಾಗಿ ಓಲಾಡುವುದು ಹೆಚ್ಚುತ್ತದೆ, ಇಳಿಜಾರಿನಲ್ಲಿ ಮಗುಚುವ ಭಯವೂ ಹೆಚ್ಚುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಮಾತು ಇಲ್ಲಿ ಅಕ್ಷರಶಃ ಸಲ್ಲುತ್ತದೆ.

ಹೆಚ್ಚು ಖರ್ಚಿಲ್ಲದೆ ಸಿಗುವ ಸುಖವೊಂದಿದೆ. ಬಹುಮಂದಿ ಅದನ್ನು ಗಮನಿಸುವುದಿಲ್ಲ. ಅದು ಟೈರಿನ ಗಾಳಿ. ಟಾರು ರಸ್ತೆಗೆಂದು ಚದರ ಅಂಗುಲಕ್ಕೆ 32 ಪೌಂಡು ತುಂಬಿಸಿದ ಟೈರು ಕಲ್ಲುದಾರಿಯಲ್ಲಿ ಮರದ ಚಕ್ರದಂತೆ ವರ್ತಿಸುತ್ತದೆ. ಮಣ್ಣುದಾರಿ ಮೊದಲಾದಲ್ಲಿ ನಿಲ್ಲಿಸಿ ಗಾಳಿಯನ್ನು 22ರ ಆಸುಪಾಸಿಗೆ ಇಳಿಸಿದರೆ ಟೈರೇ ಒಂದು ಸ್ಪ್ರಿಂಗಾಗುತ್ತದೆ, ಹಿಡಿತವೂ ಹೆಚ್ಚುತ್ತದೆ. ಹಿಂದೆ ಕುಳಿತವರು ಆ ಕ್ಷಣದಲ್ಲೇ ವ್ಯತ್ಯಾಸ ಗುರುತಿಸುತ್ತಾರೆ. ಕಟ್ಟುಪಾಡು ಎರಡು: ಗಾಳಿ ಇಳಿಸಿದ ಮೇಲೆ ವೇಗ ಕೂಡದು, ಮರಳಿ ಟಾರಿಗೆ ಬಂದೊಡನೆ ತುಂಬಿಸಲೇಬೇಕು. ಅದಕ್ಕಾಗಿ ಗಾಳಿಯ ಅಳತೆಯ ಸಾಧನವೂ ಚಿಕ್ಕದೊಂದು ಪಂಪೂ ಜೊತೆಗಿರಲಿ, ಸ್ಟೆಪ್ನಿ ಸುಸ್ಥಿತಿಯಲ್ಲಿರಲಿ. ದೊಡ್ಡ ಹಲ್ಲುಗಳ ಕೆಸರು ಟೈರಿನ ಮೋಹ ಮಾತ್ರ ಬೇಡ. ಬೆಂಗಳೂರಿನಿಂದ ಚಿಕ್ಕಮಗಳೂರಿಗೆ ಹೋಗುವವರು ಸುಮಾರು 240 ಕಿಲೋಮೀಟರು ಟಾರಿನ ಮೇಲೆ ಓಡಿ, ಆಮೇಲೆ ಹತ್ತು ಹದಿನೈದು ಕಿಲೋಮೀಟರು ಮಣ್ಣಿನಲ್ಲಿ ಹೋದಾರು. ಆ ಹದಿನೈದಕ್ಕಾಗಿ ಇನ್ನೂರ ನಲವತ್ತರುದ್ದಕ್ಕೂ ಹೂಂಕಾರ ಕೇಳಿಸಿಕೊಳ್ಳುವುದು ಯಾವ ಜಾಣತನ?

ಬಿಡಾರದ ರಾತ್ರಿಯೂ ವಾಹನದ ಸುಖಕ್ಕೆ ಸೇರಿದ್ದೇ. ಹಿಂದಿನ ಆಸನಗಳನ್ನು ಮಡಿಸಿದಾಗ ನೆಲ ಸಮತಟ್ಟಾಗುವುದೇ, ಮನೆಯ ಅತ್ಯಂತ ಎತ್ತರದ ವ್ಯಕ್ತಿ ಕಾಲು ಚಾಚಿ ಮಲಗಬಹುದೇ ಎಂದು ಅಂಗಡಿಯಲ್ಲೇ ಮಲಗಿ ನೋಡುವುದು ಒಳ್ಳೆಯದು; ನಕ್ಕವರು ನಗಲಿ. ಮಳೆಗಾಲದ ಮಲೆನಾಡಿನಲ್ಲಿ ಜಿಗಣೆಗಳಿಂದ ಪಾರಾಗಿ ನೆಲಕ್ಕೆ ತಾಗದೆ ಮಲಗುವುದು ದೊಡ್ಡ ವರ. ಆದರೆ ಒಂದು ಮಾತನ್ನು ಮರೆಯಲಾಗದು. ಚಳಿಯೆಂದು ಎಂಜಿನು ನಡೆಸುತ್ತಲೇ ಕಿಟಕಿ ಮುಚ್ಚಿ ನಿದ್ರಿಸುವುದು, ವಾಹನದೊಳಗಾಗಲಿ ಡೇರೆಯೊಳಗಾಗಲಿ ಇದ್ದಿಲಿನ ಅಗ್ಗಿಷ್ಟಿಕೆ ಇರಿಸಿಕೊಳ್ಳುವುದು ಮೃತ್ಯುವನ್ನು ಕರೆದು ಪಕ್ಕದಲ್ಲಿ ಮಲಗಿಸಿಕೊಂಡಂತೆ. ಅದರಿಂದ ಹೊಮ್ಮುವ ಕಾರ್ಬನ್ ಮೊನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ರೆಯಲ್ಲಿರುವವರನ್ನು ಅದು ಎಬ್ಬಿಸುವುದಿಲ್ಲ. ಕಂಬಳಿ ಹೆಚ್ಚಿರಲಿ, ಕಿಟಕಿ ಎರಡು ಬೆರಳಷ್ಟು ತೆರೆದಿರಲಿ.

ಬಿಡಾರ ಹೂಡುವ ನೆಲವೂ ನಮ್ಮದೇ ಎಂದು ತಿಳಿಯಬಾರದು. ವನ್ಯಧಾಮಗಳ ಒಳಹೊಕ್ಕು ತಂಗಲು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅನುಮತಿ ಬೇಕು. ಘಟ್ಟದ ನೆತ್ತಿಯ ಹುಲ್ಲುಗಾವಲಿನಲ್ಲಿ ದಾರಿ ಬಿಟ್ಟು ಚಕ್ರ ಓಡಿಸಿದರೆ, ಆ ಗೀರಿನಲ್ಲಿ ಮುಂದಿನ ಮಳೆ ಮಣ್ಣನ್ನು ಕೊಚ್ಚಿಕೊಂಡು ಹೋಗುತ್ತದೆ. ತೋಟದ ಒಡೆಯರ ಒಪ್ಪಿಗೆ ಪಡೆದು, ಇರುವ ದಾರಿಯಲ್ಲೇ ಹೋಗಿ, ಗುರುತು ಉಳಿಸದೆ ಬರುವುದು ಸಭ್ಯರ ಲಕ್ಷಣ.

ಹಾಗಾದರೆ ಕೊಳ್ಳುವ ಮೊದಲು ಮಾಡಬೇಕಾದುದೇನು? ಮನಸ್ಸಿಗೆ ಬಂದ ವಾಹನವನ್ನು ಮೊದಲು ಎರಡು ದಿನ ಬಾಡಿಗೆಗೆ ತನ್ನಿ. ಇಡೀ ಸಂಸಾರವನ್ನೂ ಸಾಮಾನನ್ನೂ ತುಂಬಿ. ಕೀಲಿಯನ್ನು ತಮ್ಮನ ಕೈಗೋ ಭಾವಮೈದುನನ ಕೈಗೋ ಕೊಟ್ಟು, ಯಜಮಾನರು ಹಿಂದಿನ ಆಸನದಲ್ಲಿ, ಅದರಲ್ಲೂ ನಡುವೆ, ಒಂದು ಗಂಟೆ ಕಾಲ ಕೆಟ್ಟ ದಾರಿಯಲ್ಲಿ ಕೂರಲಿ. ಹಿಡಿದುಕೊಳ್ಳಲು ಹಿಡಿಯುಂಟೇ, ಬೆಲ್ಟು ಸರಿಯಾಗಿ ಬಿಗಿಯುವುದೇ, ತಂಪುಗಾಳಿ ಹಿಂದಿನವರೆಗೆ ಬರುವುದೇ, ಕಿಟಕಿಯಿಂದ ಹೊರಗೆ ಕಾಣುವುದೇ ಎಂಬುದು ಆಗ ತಿಳಿಯುತ್ತದೆ. ಬಳಿಕ ಮನೆಯ ಹಿರಿಯ ಜೀವವನ್ನು ನಾಲ್ಕು ಸಲ ಹತ್ತಿಸಿ ಇಳಿಸಿ. ಮೆಟ್ಟಿಲು ಎತ್ತರವಾಗಿದ್ದರೆ ಅವರ ಮಂಡಿಯೇ ಹೇಳುತ್ತದೆ.

ಬಾಯಿಂದ ಮಾತ್ರ ಅವರು ಹೇಳುವುದಿಲ್ಲ. ನಮ್ಮ ಮನೆಗಳ ತಾಯಂದಿರ ಸ್ವಭಾವವೇ ಅದು. 'ನನಗೇನಪ್ಪಾ, ಎಲ್ಲಿ ಕೂತರೂ ಆದೀತು' ಎಂದು ಮೊದಲನೆಯ ಪ್ರವಾಸಕ್ಕೆ ಬರುತ್ತಾರೆ. ಸೊಂಟ ಹಿಡಿದರೂ ಸುಮ್ಮನಿರುತ್ತಾರೆ. ಬೆಂಕಿಯ ಬಳಿ ಕುಳಿತು ಮೊಮ್ಮಕ್ಕಳಿಗೆ ಕಥೆ ಹೇಳುತ್ತಾರೆ. ಎರಡನೆಯ ಪ್ರವಾಸಕ್ಕೆ ಹೊರಡುವಾಗ, 'ನೀವು ಹೋಗಿ ಬನ್ನಿ, ಮನೆ ನೋಡಿಕೊಳ್ಳಲು ಒಬ್ಬರು ಬೇಕಲ್ಲ' ಎನ್ನುತ್ತಾರೆ. ಮಗ ಅದನ್ನು ನಂಬಿಬಿಡುತ್ತಾನೆ. ವಾಹನದಲ್ಲಿ ಒಂದು ಆಸನ ತೆರವಾಗುತ್ತದೆ, ಅಲ್ಲಿ ಇನ್ನೊಂದು ಚೀಲ ಬಂದು ಕೂರುತ್ತದೆ. ಯಾವ ಕಂಪನಿಯ ಕೈಪಿಡಿಯಲ್ಲೂ ಈ ನಷ್ಟಕ್ಕೆ ಅಂಕಣವಿಲ್ಲ.

ಆದುದರಿಂದ ವಾಚಕರೇ, ವಾಹನದ ಸುಖವನ್ನು ಅಶ್ವಶಕ್ತಿಯಿಂದ ಅಳೆಯಬೇಡಿ, ಜಾಹೀರಾತಿನಲ್ಲಿ ಅದು ದಾಟುವ ಹೊಳೆಯಿಂದಲೂ ಅಳೆಯಬೇಡಿ. ಮೊದಲ ಸಲ ಹೊರಟವರೆಲ್ಲರೂ ಎರಡನೆಯ ಸಲವೂ ಹೊರಟು ನಿಂತರೆ, ಆರಿಸಿದ ವಾಹನ ಸರಿಯಾದುದೆಂದು ತಿಳಿಯಿರಿ.