ಮೊಬೈಲೂ ನೆರೆಯ ಟವರೂ

ಟವರು, ಸಿಗ್ನಲ್ಲುಗಳ ಗೊಡವೆ ಕಲಾ ವಿದ್ಯಾರ್ಥಿಗೇಕೆಂದು ಕೆಲವು ಮಿತ್ರರು ಕೇಳಬಹುದು. ಆ ಗೊಡವೆ ನಮಗೆ ಬೇಕೇ ಬೇಕೆಂಬುದು ನನ್ನ ವಾದ. ನಮ್ಮ ಜೇಬಿನ ಮೊಬೈಲು ಹಲವು ಟವರುಗಳ ಸಿಗ್ನಲ್ಲುಗಳನ್ನು ಹೇಗೆ ಹೊಂದಿಸಿಕೊಳ್ಳುತ್ತದೆಂಬುದನ್ನು ತಿಳಿದರೆ, ಹಳ್ಳಿಗಳಲ್ಲಿ ಕರೆ ಸಿಗದಿರುವುದಕ್ಕೆ ಬೆಟ್ಟಗುಡ್ಡಗಳಷ್ಟೇ ಕಾರಣವಲ್ಲವೆಂಬುದು ಸ್ಪಷ್ಟವಾಗುತ್ತದೆ.

ಇಡೀ ನಗರಕ್ಕೆ ಒಂದೇ ದೊಡ್ಡ ಟವರನ್ನು ನಿಲ್ಲಿಸುವ ಬದಲು, ಪ್ರದೇಶವನ್ನು ಸಣ್ಣ ಸಣ್ಣ ಕೋಶಗಳಾಗಿ ವಿಂಗಡಿಸಿ ಒಂದೊಂದಕ್ಕೂ ಒಂದೊಂದು ಟವರನ್ನಿಡಬೇಕೆಂಬ ವಿಚಾರವು ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ 1947ರಲ್ಲಿಯೇ ಮೂಡಿತು. ಒಂದು ಕೋಶದಲ್ಲಿ ಬಳಸಿದ ತರಂಗಾಂತರವನ್ನೇ ದೂರದ ಮತ್ತೊಂದರಲ್ಲಿ ಬಳಸಬಹುದೆಂಬುದು ಇದರ ಲಾಭ. ಆದರೆ ಕೋಶಗಳಾದೊಡನೆ ಗಡಿಗಳೂ ಆದವು. ಮಾತನಾಡುತ್ತ ಗಡಿ ದಾಟುವವನ ಕರೆಯನ್ನು ಒಂದು ಟವರು ಮತ್ತೊಂದಕ್ಕೆ ಒಪ್ಪಿಸಬೇಕಷ್ಟೆ!

ಮೊದಲ ತಲೆಮಾರಿನಲ್ಲಿ ಈ ಹೊಣೆಯೆಲ್ಲ ಟವರುಗಳದೇ ಆಗಿತ್ತು. ಫೋನಿನ ಸಿಗ್ನಲ್ ಕ್ಷೀಣಿಸಿತೆಂಬುದನ್ನು ಅವೇ ಆಲಿಸಿ ತಿಳಿಯುತ್ತಿದ್ದವು. 1991ರಲ್ಲಿ ಫಿನ್ಲೆಂಡಿನಲ್ಲಿ ಸೇವೆಗೆ ಬಂದ ಜಿಎಸ್‌ಎಮ್ ಪದ್ಧತಿಯು ಫೋನಿನ ಸಾಕ್ಷ್ಯವನ್ನೂ ಕೇಳತೊಡಗಿತು. ಕರೆಯ ನಡುವಣ ಅತ್ಯಲ್ಪ ಬಿಡುವಿನಲ್ಲಿ ಫೋನು ನೆರೆಯ ಟವರುಗಳತ್ತ ಕಿವಿಗೊಟ್ಟು, ಅವುಗಳಲ್ಲಿ ಪ್ರಬಲವಾದ 6ರ ಬಲವನ್ನು ಅಳೆದು, ಸುಮಾರು ಅರ್ಧ ಸೆಕೆಂಡಿಗೊಮ್ಮೆ ವರದಿ ಒಪ್ಪಿಸುತ್ತದೆ. ವರದಿ ಫೋನಿನದು, ತೀರ್ಪು ಜಾಲದ್ದು. ನೆರೆಯ ಟವರು ತುಸು ಬಲವಾಯಿತೆಂದೊಡನೆ ಕರೆಯನ್ನು ವರ್ಗಾಯಿಸುವುದೂ ಇಲ್ಲ. ಹಾಗೆ ಮಾಡಿದರೆ ಗಡಿಯಲ್ಲಿ ನಿಂತವನ ಕರೆಯು ಎರಡರ ನಡುವೆ ಚೆಂಡಿನಂತೆ ಹಾರಾಡೀತು.

ಮೂರನೆಯ ತಲೆಮಾರಿನ ಏರ್ಪಾಡು ಇನ್ನೂ ಸೊಗಸಾದುದು. ಹಳೆಯ ಟವರಿನ ಕೈ ಬಿಡುವ ಮೊದಲೇ ಹೊಸದರ ಕೈ ಹಿಡಿದು, ಎರಡರ ಸಿಗ್ನಲ್ಲುಗಳನ್ನೂ ಕೂಡಿಸಿ ಒಂದೇ ಮಾತನ್ನಾಗಿ ಕೇಳುವ ಉಪಾಯವದು. ಈಗಿನ 5ಜಿ ಫೋನುಗಳಂತೂ ಅನೇಕ ಕಡೆ 4ಜಿ ಹಾಗೂ 5ಜಿ ಎರಡರೊಡನೆಯೂ ಏಕಕಾಲಕ್ಕೆ ನಂಟನ್ನಿರಿಸಿಕೊಳ್ಳುತ್ತವೆ.

ಇಷ್ಟೆಲ್ಲ ಬಲ್ಲ ಫೋನು ಮಲೆನಾಡಿನ ನನ್ನ ಊರಿನಲ್ಲಿ ಮೂಕವಾಗುವುದೇಕೆ? ಗುಡ್ಡದ ಈಚೆ ಒಂದು ಕಂಪನಿಯ ಟವರು, ಆಚೆ ಮತ್ತೊಂದರದು. ನನ್ನ ಸಿಮ್ ಆಚೆಯ ಕಂಪನಿಯದಾದ್ದರಿಂದ ಈಚೆಯ ಟವರು ಕಣ್ಣೆದುರಿಗಿದ್ದರೂ ಇಲ್ಲದಂತೆಯೇ. ಫೋನಿಗೆ ಅದು ಕೇಳಿಸುವುದಿಲ್ಲವೆ? ಕೇಳಿಸುತ್ತದೆ. ತನ್ನ ಜಾಲವು ಸಿಗದಾಗ ತುರ್ತು ಕರೆಯನ್ನು ಅನ್ಯ ಜಾಲದ ಟವರಿನ ಮೂಲಕ ಕಳುಹಿಸುವ ಅವಕಾಶವನ್ನು ತಂತ್ರಜ್ಞರು ಈ ಪದ್ಧತಿಯಲ್ಲಿಯೇ ಇರಿಸಿದ್ದಾರೆ. ಆಪತ್ತಿಗೆ ತೆರೆಯುವ ಆ ಬಾಗಿಲು ವಿದ್ಯಾರ್ಥಿವೇತನದ ಅರ್ಜಿಗೆ ಬೇಕಾದ ಓಟಿಪಿಗೆ ತೆರೆಯದು! ಇಲ್ಲಿ ಕೊರತೆಯಿರುವುದು ವಿಜ್ಞಾನದಲ್ಲಲ್ಲ, ಒಪ್ಪಂದದಲ್ಲಿ. ಆದುದರಿಂದಲೇ ಇದು ಅರ್ಥಶಾಸ್ತ್ರ, ರಾಜ್ಯಶಾಸ್ತ್ರಗಳನ್ನು ಓದುವ ನಮ್ಮ ಪ್ರಶ್ನೆಯೂ ಆಗಿದೆ.

ಈ ದಿಕ್ಕಿನಲ್ಲಿ ಒಂದು ಹೆಜ್ಜೆಯನ್ನು ಇಟ್ಟಾಗಿದೆ. ಡಿಜಿಟಲ್ ಭಾರತ್ ನಿಧಿಯ ನೆರವಿನಿಂದ ನಿಂತ 4ಜಿ ಟವರುಗಳನ್ನು ಬಿಎಸ್‌ಎನ್‌ಎಲ್, ಏರ್‌ಟೆಲ್, ಜಿಯೋ ಗ್ರಾಹಕರು ಪರಸ್ಪರ ಬಳಸಬಹುದಾದ ಏರ್ಪಾಡಿಗೆ ಕೇಂದ್ರ ಸರ್ಕಾರವು 2025ರ ಜನವರಿಯಲ್ಲಿ ಚಾಲನೆ ನೀಡಿತು. ಸರ್ಕಾರದ ನೆರವಿಲ್ಲದ ಟವರುಗಳಿಗೂ, ಕಡೆಯಪಕ್ಷ ಒಂದೇ ಟವರಿರುವ ಊರುಗಳಲ್ಲಿ, ಇದು ವಿಸ್ತರಿಸಬೇಕೆಂಬುದು ನನ್ನ ಅಭಿಪ್ರಾಯ.

ಸ್ವಂತ ಹಣ ಸುರಿದು ಟವರು ಕಟ್ಟಿದ ಕಂಪನಿಯು ಅದನ್ನು ಪ್ರತಿಸ್ಪರ್ಧಿಗೇಕೆ ಬಿಟ್ಟುಕೊಡಬೇಕೆಂಬ ಆಕ್ಷೇಪಣೆಯು ನ್ಯಾಯವಾದುದೇ. ಆದರೆ ಪುಕ್ಕಟೆಯಾಗಿ ಕೊಡಿರೆಂದು ಯಾರೂ ಕೇಳುತ್ತಿಲ್ಲ. ವಿದೇಶಕ್ಕೆ ಹೋದವನು ಅಲ್ಲಿಯ ಕಂಪನಿಯ ಟವರಿನಿಂದಲೇ ಮಾತನಾಡುತ್ತಾನೆ. ಲೆಕ್ಕವನ್ನು ಕಂಪನಿಗಳು ತಮ್ಮತಮ್ಮಲ್ಲಿ ತೀರಿಸಿಕೊಳ್ಳುತ್ತವೆ. ಕಡಲಾಚೆಗೆ ಹೋದವನಿಗೆ ಸಾಧ್ಯವಾದುದು ಗುಡ್ಡದ ಈಚೆಯವನಿಗೇಕೆ ಅಸಾಧ್ಯವಾಗಬೇಕು?

ನಮ್ಮ ಕಾಲೇಜಿನ ಚರ್ಚಾಕೂಟವು ಈ ವಿಷಯವನ್ನು ಕೈಗೆತ್ತಿಕೊಳ್ಳಲಿ. ಹಳ್ಳಿಗಳಿಂದ ಬಂದ ನಾವು ನಮ್ಮ ನಮ್ಮ ಗ್ರಾಮಸಭೆಗಳಲ್ಲಿ ಇದನ್ನು ಪ್ರಸ್ತಾಪಿಸೋಣ. ಹಲವು ಟವರುಗಳ ದನಿಯನ್ನು ಆಲಿಸಿ ಹೊಂದಿಸಿಕೊಳ್ಳುವುದನ್ನು ಫೋನು ಎಂದೋ ಕಲಿತಿದೆ. ಇನ್ನು ಕಲಿಯಬೇಕಾದವರು ಟವರುಗಳ ಒಡೆಯರು.