ಮಾನಿಯ ಬೆಂಕಿ ಕಲಿಸುವ ಪಾಠ

ಕೊಲಂಬಸನು 1492ರಲ್ಲಿ ಅಮೆರಿಕವನ್ನು ಕಂಡುಹಿಡಿದನೆಂದು ನಾವೆಲ್ಲರೂ ಶಾಲೆಯಲ್ಲಿ ಬಾಯಿಪಾಠ ಮಾಡಿದವರೇ. ಆದರೆ ಆ ನೆಲದಲ್ಲಿ ತಲೆತಲಾಂತರಗಳಿಂದ ಬಾಳಿದ್ದವರಿಗೆ ಅದನ್ನು ಯಾರೂ ಕಂಡುಹಿಡಿದು ಕೊಡಬೇಕಾಗಿರಲಿಲ್ಲ. ಯೂರೋಪಿನ ಹಡಗುಗಳು ದಡ ಸೇರುವುದಕ್ಕೆ ಸಾವಿರಾರು ವರ್ಷಗಳ ಮೊದಲೇ ಅವರು ಮೆಕ್ಕೆಜೋಳವನ್ನು ಬೆಳೆಯುತ್ತಿದ್ದರು. ಇಂದು ನಮ್ಮ ಅಡುಗೆಮನೆಯಲ್ಲಿರುವ ಮೆಣಸಿನಕಾಯಿ, ಆಲೂಗಡ್ಡೆ, ಟೊಮೇಟೊಗಳೂ ಅವರ ಕೊಡುಗೆಗಳೇ. ಆಂಡೀಸ್ ಪರ್ವತಗಳಲ್ಲಿ ಇಂಕಾ ಜನರು ಸಾವಿರಾರು ಮೈಲಿ ರಸ್ತೆ ನಿರ್ಮಿಸಿದರು. ದಾರದ ಗಂಟುಗಳಲ್ಲಿ ಲೆಕ್ಕವಿಟ್ಟರು. ಯುಕಟಾನ್ ಮತ್ತು ಗ್ವಾಟೆಮಾಲಾದ ಕಾಡುಗಳಲ್ಲಿ ಮಾಯಾ ಜನರು ನಗರಗಳನ್ನು ಕಟ್ಟಿದರು, ಸೊನ್ನೆಯನ್ನು ಬಲ್ಲವರಾಗಿದ್ದರು, ಶುಕ್ರಗ್ರಹದ ಚಲನೆಯನ್ನು ಗಣಿಸಿ, ತೊಗಟೆಯಿಂದ ಮಾಡಿದ ಕಾಗದದ ಮೇಲೆ ಬರೆದಿಟ್ಟರು.

ಆ ಗ್ರಂಥಗಳ ಪೈಕಿ ಇಂದು ಜಗತ್ತಿನಲ್ಲಿ ಉಳಿದಿರುವುದಾಗಿ ತಿಳಿದಿರುವುದು ನಾಲ್ಕು ಮಾತ್ರ. 1562ರ ಜುಲೈ 12ರಂದು ಯುಕಟಾನಿನ ಮಾನಿ ಎಂಬ ಊರಿನಲ್ಲಿ ಫ್ರಾನ್ಸಿಸ್ಕನ್ ಗುರು ಡಿಯೇಗೊ ದೆ ಲಾಂಡಾ ಅವರು ವಿಗ್ರಹಗಳೊಂದಿಗೆ ಮಾಯಾ ಗ್ರಂಥಗಳನ್ನೂ ಸುಡಿಸಿದರು. ದೀಕ್ಷಾಸ್ನಾನ ಪಡೆದವರು ಗುಟ್ಟಾಗಿ ಹಳೆಯ ದೇವರುಗಳನ್ನು ಪೂಜಿಸುತ್ತಿದ್ದಾರೆಂಬುದು ಅವರ ಆರೋಪವಾಗಿತ್ತು. ವಿಚಾರಣೆಯ ಹೆಸರಿನಲ್ಲಿ ಅನೇಕರು ಚಿತ್ರಹಿಂಸೆಗೆ ಒಳಗಾದರು. ಶಿಲುಬೆಯ ಹೆಸರಿನಲ್ಲಿಯೇ ಇದೆಲ್ಲ ನಡೆಯಿತೆಂಬುದನ್ನು ನಾವು ಮರೆಮಾಚಲಾಗದು.

ಅಂದಿನ ಕಾಲವೇ ಹಾಗಿತ್ತು ಎಂದು ಕೆಲವರು ಸಮಾಧಾನ ಹೇಳುವುದುಂಟು. ಈ ಮಾತು ನಿಲ್ಲುವುದಿಲ್ಲ. ಮಾನಿಯ ಬೆಂಕಿಗೆ 25 ವರ್ಷ ಮೊದಲೇ, 1537ರಲ್ಲಿ, ಮೂರನೆಯ ಪೌಲ್ ಜಗದ್ಗುರುಗಳು ಆ ನಾಡಿನ ಜನರು ನಿಜವಾದ ಮನುಷ್ಯರೆಂದೂ, ಕ್ರೈಸ್ತರಲ್ಲದಿದ್ದರೂ ಅವರ ಸ್ವಾತಂತ್ರ್ಯವನ್ನಾಗಲಿ ಆಸ್ತಿಯನ್ನಾಗಲಿ ಕಸಿಯಬಾರದೆಂದೂ ಸಾರಿದ್ದರು. ಅದೇ ಕಾಲದಲ್ಲಿ, ಅದೇ ಫ್ರಾನ್ಸಿಸ್ಕನ್ ಸಭೆಯ ಬೆರ್ನಾರ್ದಿನೊ ದೆ ಸಹಾಗುನ್ ಎಂಬ ಗುರುಗಳು ಮೆಕ್ಸಿಕೋದಲ್ಲಿ ಬೇರೊಂದು ದಾರಿ ಹಿಡಿದಿದ್ದರು. 1529ರಲ್ಲಿ ಅಲ್ಲಿಗೆ ಬಂದ ಅವರು ಸ್ಥಳೀಯರ ನಾವಾಟ್ಲ್ ಭಾಷೆಯನ್ನು ಕಲಿತರು; ಊರಿನ ಹಿರಿಯರನ್ನು ಕೇಳಿ, ಸ್ಥಳೀಯ ಶಿಷ್ಯರ ನೆರವಿನಿಂದ ಅವರ ದೇವರು, ಹಬ್ಬ, ಔಷಧಿ, ಕಸುಬುಗಳನ್ನು ದಾಖಲಿಸಿದರು. ಸೋತವರು ತಮ್ಮ ಸೋಲಿನ ಕಥೆಯನ್ನು ತಮ್ಮ ನುಡಿಯಲ್ಲಿಯೇ ಹೇಳಿದ್ದೂ ಅದರಲ್ಲಿದೆ. ಎರಡು ಸಾವಿರಕ್ಕೂ ಹೆಚ್ಚು ಚಿತ್ರಗಳುಳ್ಳ 12 ಭಾಗಗಳ ಆ ಕೃತಿ ಇಂದು ಇಟಲಿಯ ಫ್ಲಾರೆನ್ಸ್ ನಗರದಲ್ಲಿದೆ.

ಆ ಜನರಲ್ಲಿ ನರಬಲಿ ಇರಲಿಲ್ಲವೇ ಎಂದು ಕೇಳಬಹುದು. ಇತ್ತು, ಅದನ್ನು ಬಚ್ಚಿಡುವ ಅಗತ್ಯವಿಲ್ಲ. ಸಹಾಗುನ್ ಗುರುಗಳೂ ಅದನ್ನು ಒಪ್ಪಿದವರಲ್ಲ. ಶುಭಸಂದೇಶ ಸಾರುವುದೇ ಅವರ ಗುರಿಯಾಗಿತ್ತು. ಆದರೆ ರೋಗವನ್ನರಿಯದೆ ವೈದ್ಯನು ಔಷಧಿ ಕೊಡಲಾರನೆಂಬುದನ್ನು ಅವರು ತಿಳಿದಿದ್ದರು. ಬಲಿಪೀಠದ ಪಾಪಕ್ಕೆ ನಕ್ಷತ್ರಗಣಿತವನ್ನು ಸುಡುವುದು ಪ್ರಾಯಶ್ಚಿತ್ತವಾಗದು. ವಿಪರ್ಯಾಸವೆಂದರೆ, ಲಾಂಡಾ ಅವರೇ ಮುಂದೆ ಮಾಯಾ ಜನರ ಕುರಿತು ಒಂದು ಕೃತಿಯನ್ನು ಬರೆದರು. ಅದರಲ್ಲಿ ಅವರು ಗುರುತಿಸಿಟ್ಟ ಅಕ್ಷರಗಳೇ 1952ರಲ್ಲಿ ಯೂರಿ ಕ್ನೊರೊಜೋವ್ ಎಂಬ ವಿದ್ವಾಂಸರಿಗೆ ಆ ಲಿಪಿಯನ್ನೋದುವ ದಾರಿ ತೋರಿದವು.

2015ರಲ್ಲಿ ಬೊಲಿವಿಯಾದಲ್ಲಿ ಫ್ರಾನ್ಸಿಸ್ ಜಗದ್ಗುರುಗಳು ಅಮೆರಿಕದ ಮೂಲನಿವಾಸಿಗಳ ಮೇಲೆ ನಡೆದ ಅಪರಾಧಗಳಿಗಾಗಿ ಕ್ಷಮೆ ಯಾಚಿಸಿದರು. ಹಳೆಯದನ್ನು ಏಕೆ ಕೆದಕಬೇಕೆಂದು ಕೇಳುವವರಿಗೆ ನಮ್ಮ ಉತ್ತರ ಇಷ್ಟೇ: ಆತ್ಮಶೋಧನೆಯಿಲ್ಲದೆ ಪಾಪನಿವೇದನೆಯಿಲ್ಲವೆಂದು ನಮ್ಮ ಮಕ್ಕಳಿಗೆ ಕಲಿಸುವವರು ನಾವೇ ಅಲ್ಲವೇ?

ಇಂದೂ ನಮ್ಮ ಅನೇಕ ಗುರುಗಳು ಮತ್ತು ಧರ್ಮಭಗಿನಿಯರು ಆದಿವಾಸಿಗಳ ನಡುವೆ ಸೇವೆ ಸಲ್ಲಿಸುತ್ತಿದ್ದಾರೆ. ನಾವಂತೂ ಅನ್ಯಧರ್ಮೀಯರ ನೆರೆಯಲ್ಲಿಯೇ ಬಾಳುತ್ತಿದ್ದೇವೆ. ಅವರ ಹಾಡು, ಕಥೆ, ಆಚರಣೆಗಳನ್ನು ಅರಿಯುವ ಮುನ್ನವೇ ಅಂಧಕಾರವೆಂದು ಕರೆಯುವ ಚಪಲ ನಮ್ಮಲ್ಲಿ ಇನ್ನೂ ಸತ್ತಿಲ್ಲ. ನಮ್ಮ ಧರ್ಮೋಪದೇಶದ ತರಗತಿಗಳಲ್ಲಿ ಲಾಂಡಾ ಮತ್ತು ಸಹಾಗುನ್ ಇಬ್ಬರ ಹೆಸರನ್ನೂ ಹೇಳಿಕೊಡೋಣ. ಇಬ್ಬರೂ ತೊಟ್ಟ ಉಡುಪು ಒಂದೇ, ನಂಬಿದ ಪ್ರಭು ಒಬ್ಬನೇ. ಒಬ್ಬರು ಕೇಳುವ ಮೊದಲು ತೀರ್ಪು ಕೊಟ್ಟರು, ಇನ್ನೊಬ್ಬರು ಮೊದಲು ಕೇಳಿದರು. ನಾವು ಯಾರ ಹಾದಿ ಹಿಡಿಯಬೇಕೆಂಬುದನ್ನು ಮಕ್ಕಳೇ ಹೇಳಿಯಾರು.