ಕಡತ ನಿಮ್ಮ ಮನೆಯಲ್ಲೇ ಇರಲಿ, ಫೋಟೊ ಊರಿಗೆ ಸಿಗಲಿ

ಸಾಗರ, ಸೊರಬ, ಹೊಸನಗರ, ತೀರ್ಥಹಳ್ಳಿ ಸೀಮೆಯ ಮನೆಮನೆಗೂ ಇತಿಹಾಸ ಬಳಗದ ಮನವಿ



ನಮ್ಮ ಮಲೆನಾಡಿನ ಹಳೆಯ ಮನೆಗಳ ಅಟ್ಟದಲ್ಲಿ, ದೇವರ ಕೋಣೆಯ ಮರದ ಪೆಟ್ಟಿಗೆಯಲ್ಲಿ, ಮಠ-ದೇವಸ್ಥಾನಗಳ ಕಪಾಟಿನಲ್ಲಿ ಕಡತಗಳಿವೆ, ತಾಳೆಗರಿ ಕಟ್ಟುಗಳಿವೆ, ಶಾನುಭೋಗರ ಲೆಕ್ಕದ ಪುಸ್ತಕಗಳಿವೆ, ಗೇಣಿ ಚೀಟಿ, ಕ್ರಯಪತ್ರ, ಪಾಲುಪಟ್ಟಿಗಳಿವೆ. ಹಳೇ ಮನೆ ಕೆಡವಿ ಹೊಸದು ಕಟ್ಟುವಾಗ, ಅಣ್ಣತಮ್ಮಂದಿರು ಪಾಲಾಗುವಾಗ, ಮಕ್ಕಳು ಬೆಂಗಳೂರು ಸೇರಿ ಮನೆಗೆ ಬೀಗ ಬೀಳುವಾಗ ಮೊದಲು ಹೊರಗೆ ಬೀಳುವುದು ಇವೇ. ಕೆಲವು ಗುಜರಿಗೆ ಹೋಗುತ್ತವೆ, ಕೆಲವು ಬಚ್ಚಲೊಲೆಗೆ. ಉಳಿದವನ್ನು ಗೆದ್ದಲು ಮತ್ತು ಮಳೆಗಾಲದ ತೇವ ತಿನ್ನುತ್ತವೆ.

ನಾವು ಹೇಳುವುದು ಇಷ್ಟೇ: ಈ ದಾಖಲೆಗಳ ಫೋಟೊ ತೆಗೆಯುವ ಕೆಲಸ ಈ ಬೇಸಿಗೆಯಲ್ಲೇ ಆಗಬೇಕು, ಊರಿನವರಿಂದಲೇ ಆಗಬೇಕು, ಮನೆಯವರ ಕಣ್ಣೆದುರೇ ಆಗಬೇಕು. ಮೂಲ ಕಾಗದ ಯಾರ ಮನೆಯದೋ ಅವರಲ್ಲೇ ಉಳಿಯಬೇಕು.

ಈ ಕಾಗದಗಳಲ್ಲಿ ಏನಿದೆ?

ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದು, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಬರೆದದ್ದು ಕಡತ. ಕೆಳದಿ ಅರಸರು 1499ರಿಂದ 1763ರವರೆಗೆ ಆಳಿದ ಸೀಮೆ ನಮ್ಮದು. ಭೂಮಿಯನ್ನು ಫಲವತ್ತತೆಯ ಮೇಲೆ ವಿಂಗಡಿಸಿ ಕಂದಾಯ ಗೊತ್ತುಮಾಡಿದ ಶಿವಪ್ಪನಾಯಕನ ಶಿಸ್ತು ಜಾರಿಗೆ ಬಂದದ್ದು ಇದೇ ನೆಲದಲ್ಲಿ. ಯಾವ ಗದ್ದೆಗೆ ಎಷ್ಟು ಖಂಡುಗ, ಯಾವ ದೇವಸ್ಥಾನಕ್ಕೆ ಎಷ್ಟು ಉಂಬಳಿ, ಯಾವ ಕೆರೆಯ ನೀರು ಮೊದಲು ಯಾರ ಗದ್ದೆಗೆ ಎಂಬಂಥ ಸಂಗತಿಗಳನ್ನು ನಮ್ಮ ಹಿಂದಿನವರು ಬರೆದಿಟ್ಟಿದ್ದಾರೆ. 1961ರ ಕಾಯ್ದೆಯಿಂದ ವಂಶಪಾರಂಪರ್ಯದ ಪಟೇಲಿಕೆ, ಶಾನುಭೋಗಿಕೆ ರದ್ದಾದ ಮೇಲೆ ಅಂಥ ಎಷ್ಟೋ ಪುಸ್ತಕಗಳು ಮನೆಗಳಲ್ಲೇ ಉಳಿದವು.

ಹಳೇ ಕಾಗದವೊಂದು ಇತಿಹಾಸವನ್ನೇ ತಿದ್ದಿದ ಉದಾಹರಣೆಗಳು ನಮ್ಮ ನಾಡಿನಲ್ಲೇ ಇವೆ. 1905ರಲ್ಲಿ ತಂಜಾವೂರು ಕಡೆಯ ಪಂಡಿತರೊಬ್ಬರು ಮೈಸೂರಿನ ಓರಿಯಂಟಲ್ ಲೈಬ್ರರಿಗೆ ತಾಳೆಗರಿ ಕಟ್ಟೊಂದನ್ನು ತಂದುಕೊಟ್ಟರು. ಅದು ಕೌಟಿಲ್ಯನ ಅರ್ಥಶಾಸ್ತ್ರ ಎಂದು ಗುರುತಿಸಿದ ಆರ್. ಶಾಮಾಶಾಸ್ತ್ರಿಗಳು 1909ರಲ್ಲಿ ಅಚ್ಚುಹಾಕಿಸಿದರು. 1916ರಲ್ಲಿ ಆರ್. ನರಸಿಂಹಾಚಾರ್ಯರು ಶೃಂಗೇರಿ ಮಠದಲ್ಲಿ ಟಿಪ್ಪು ಸುಲ್ತಾನ್ ಬರೆಸಿದ ಕನ್ನಡ ಪತ್ರಗಳನ್ನು ಬೆಳಕಿಗೆ ತಂದರು. 1791ರಲ್ಲಿ ಮರಾಠಾ ಸೈನ್ಯ ಮಠವನ್ನು ಲೂಟಿ ಮಾಡಿದ ಮೇಲೆ ನಡೆದ ಪತ್ರವ್ಯವಹಾರ ನಮಗೆ ಗೊತ್ತಾದದ್ದು ಮಠದವರು ಆ ಕಾಗದಗಳನ್ನು ಎಸೆಯದೆ ಇಟ್ಟುಕೊಂಡಿದ್ದರಿಂದ.

ಇದು ಅರಸರ, ಮಠಗಳ ಮಾತು ಮಾತ್ರವಲ್ಲ. 1951ರಲ್ಲಿ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹಕ್ಕೆ ಇಳಿದಾಗ ಗೇಣಿ ಅಳೆಯುವ ಕೊಳಗದ ಅಳತೆಯೇ ಜಗಳದ ಒಂದು ಮೂಲವಾಗಿತ್ತು. ಆ ಕಾಲದ ಒಡೆಯರ ಲೆಕ್ಕದ ಪುಸ್ತಕವೂ ಬೇಕು, ಗೇಣಿದಾರರ ಮನೆಯ ಚೀಟಿಯೂ ಬೇಕು. ಎರಡನ್ನೂ ಒಟ್ಟಿಗೆ ಇಟ್ಟು ನೋಡಿದರೇ ನಿಜ ತಿಳಿಯುವುದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಾಗ ಶರಾವತಿ ಕಣಿವೆಯ ಊರುಗಳು ಮುಳುಗಿದವು. ಆ ಊರುಗಳ ಗದ್ದೆ, ತೋಟ, ದೇವರಬನಗಳ ಹೆಸರು ಇವತ್ತು ಇರುವುದು ಎದ್ದುಬಂದ ಸಂಸಾರಗಳ ನೆನಪಿನಲ್ಲಿ ಮತ್ತು ಅವರು ಟ್ರಂಕಿನಲ್ಲಿ ಹಾಕಿಕೊಂಡು ಬಂದ ಕಾಗದಗಳಲ್ಲಿ. ಆ ಸಂಸಾರಗಳಲ್ಲಿ ಎಷ್ಟೋ ಮಂದಿ ಇಂದಿಗೂ ಹಕ್ಕುಪತ್ರಕ್ಕಾಗಿ ಓಡಾಡುತ್ತಿದ್ದಾರೆ. ಅವರಿಗೆ ಹಳೇ ಕಾಗದ ಎಂದರೆ ಬದುಕಿನ ಪ್ರಶ್ನೆ.

ಹೊಸ ಯಂತ್ರದಿಂದ ಏನಾಗುತ್ತದೆ, ಏನಾಗುವುದಿಲ್ಲ

ಇಂದು ಹುಡುಗರ ಕೈಯಲ್ಲಿರುವ ಮೊಬೈಲೇ ಸಾಕಷ್ಟು ಒಳ್ಳೆಯ ಕ್ಯಾಮೆರಾ. ಫ್ಲ್ಯಾಶ್ ಇಲ್ಲದೆ, ಜಗಲಿಯ ಬೆಳಕಿನಲ್ಲಿ, ಪಕ್ಕದಲ್ಲೊಂದು ಅಳತೆಪಟ್ಟಿ ಇಟ್ಟು, ಪ್ರತಿ ಪುಟದ ಎರಡೂ ಬದಿ ತೆಗೆದರೆ ಓದಲು ಸಾಲುವ ಪ್ರತಿ ಸಿಗುತ್ತದೆ. ವೀರಗಲ್ಲು, ಮಾಸ್ತಿಕಲ್ಲುಗಳ ಸವೆದ ಅಕ್ಷರಕ್ಕೆ ಸಂಜೆ ಕತ್ತಲಲ್ಲಿ ಟಾರ್ಚನ್ನು ಬದಿಯಿಂದ ಓರೆಯಾಗಿ ಹಿಡಿದರೆ ಹಗಲಲ್ಲಿ ಕಾಣದ ಗೆರೆ ಎದ್ದು ಕಾಣುತ್ತದೆ. ಕಲ್ಲಿನ ಸುತ್ತ ಒಂದಕ್ಕೊಂದು ತಾಗಿಬರುವಂತೆ ಅನೇಕ ಫೋಟೊ ತೆಗೆದರೆ ಅದರ ಮೂರು ಆಯಾಮದ ಪ್ರತಿರೂಪವನ್ನು ಕಂಪ್ಯೂಟರಿನಲ್ಲಿ ಕಟ್ಟಬಹುದು. ಬೆಂಗಳೂರಿನ ಮಿಥಿಕ್ ಸೊಸೈಟಿ 2021ರಿಂದ ಅಲ್ಲಿನ ಶಾಸನಗಳನ್ನು ತ್ರೀಡಿ ಸ್ಕ್ಯಾನ್ ಮಾಡಿ ಉಳಿಸುತ್ತಿದೆ. ಬಿ. ಎಲ್. ರೈಸ್ ಅವರ 'ಎಪಿಗ್ರಾಫಿಯಾ ಕರ್ನಾಟಿಕಾ' ನಮ್ಮ ಜಿಲ್ಲೆಯ ಶಾಸನಗಳನ್ನು ನೂರು ವರ್ಷಕ್ಕೂ ಹಿಂದೆ ಅಚ್ಚುಮಾಡಿತ್ತು. ಆ ಕಲ್ಲುಗಳಲ್ಲಿ ಯಾವುದು ಈಗ ಎಲ್ಲಿದೆ ಎಂದು ಊರೂರು ಸುತ್ತಿ ಗುರುತು ಹಾಕುವ ಕೆಲಸ ನಮ್ಮದು.

ಅಕ್ಷರಗಳ ಮಟ್ಟಿಗೂ ಕಾಲ ಕೂಡಿಬಂದಿದೆ. ಹವ್ಯಕರ ಮನೆಗಳ ತಾಳೆಗರಿಗಳಲ್ಲಿ ಕಾಣುವ ತಿಗಳಾರಿ ಲಿಪಿಗೆ 2024ರಲ್ಲಿ ಯೂನಿಕೋಡ್ ಮನ್ನಣೆ ದೊರೆಯಿತು. ನಂದಿನಾಗರಿಗೆ 2019ರಲ್ಲೇ ದೊರೆತಿತ್ತು. ಈ ಲಿಪಿಗಳನ್ನು ಅವುಗಳದೇ ಅಕ್ಷರದಲ್ಲಿ ಕಂಪ್ಯೂಟರಿಗೆ ಏರಿಸಲು ದಾರಿ ತೆರೆದಿದೆ.

ಆದರೆ ಓದುವ ಕೆಲಸವನ್ನೆಲ್ಲ ಕೃತಕ ಬುದ್ಧಿಮತ್ತೆ ಮಾಡಿಬಿಡುತ್ತದೆ ಎಂದು ಕೈಕಟ್ಟಿ ಕೂತರೆ ಮೋಸಹೋಗುತ್ತೇವೆ. ಅಚ್ಚಾದ ಕನ್ನಡವನ್ನು ಯಂತ್ರ ಚೆನ್ನಾಗಿ ಓದುತ್ತದೆ. ಕಡತದ ಮೋಡಿ ಅಕ್ಷರದ ಮುಂದೆ ತಡವರಿಸುತ್ತದೆ. ಗೊತ್ತಾಗದ ಕಡೆ ಸುಮ್ಮನಿರದೆ, ನಂಬುವಂಥ ಸಾಲನ್ನು ತಾನೇ ಹೊಸೆದು ಕೊಡುವುದೂ ಉಂಟು. ಅಂಥ ಒಂದು ತಪ್ಪು ಸಾಲು ಜಮೀನಿನ ಗಡಿಯ ಬಗ್ಗೆಯೋ ಮನೆತನದ ಬಗ್ಗೆಯೋ ಇದ್ದರೆ ಊರಿನಲ್ಲಿ ಹೊಸ ಜಗಳಕ್ಕೆ ಕಾರಣವಾಗುತ್ತದೆ.

ತೇದಿಯನ್ನೇ ನೋಡಿ. ಕಾಗದದಲ್ಲಿ 'ಪ್ರಭವ ಸಂವತ್ಸರ' ಎಂದಷ್ಟೇ ಇದ್ದರೆ ಅದು 1867 ಆಗಬಹುದು, 1927 ಆಗಬಹುದು, ಇನ್ನೂ ಹಿಂದಿನ 1807ರದೂ ಆಗಬಹುದು. ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ಬರುತ್ತದೆ. ಲೆಕ್ಕ ವರಹದಲ್ಲಿದೆಯೋ ರೂಪಾಯಿಯಲ್ಲಿದೆಯೋ, ಛಾಪಾ ಕಾಗದದ ಮೇಲಿನ ಮುದ್ರೆ ಯಾರದು, ಸಾಕ್ಷಿ ಹಾಕಿದವರು ಯಾವ ತಲೆಮಾರಿನವರು ಎಂದು ನೋಡಿ ನಿರ್ಧರಿಸಬೇಕು. ಆ ತಿಳಿವಳಿಕೆ ಇರುವುದು ನಮ್ಮ ಹಿರಿಯರಲ್ಲಿ. ಅವರು ಪುಟ ಓದಿ ಹೇಳಬೇಕು, ಹುಡುಗರು ಸಾಲಿಗೆ ಸಾಲು ಟೈಪ್ ಮಾಡಬೇಕು. ಹಾಗೆ ಓದಿದ ಪುಟಗಳನ್ನು ಚಿತ್ರದ ಜೊತೆ ಜೋಡಿಸಿ ಕೊಟ್ಟರೆ ಮಾತ್ರ ಯಂತ್ರವೂ ಕ್ರಮೇಣ ಕಲಿಯುತ್ತದೆ. ಮೋಡಿ ಓದಬಲ್ಲವರು ಇರುವಾಗಲೇ ಈ ಕೆಲಸ ಆಗಬೇಕು. ಫೋಟೊ ಉಳಿದು ಓದುವವರು ಇಲ್ಲವಾದರೆ ಆ ಫೋಟೊದಿಂದ ಏನೂ ತಿಳಿಯದು.

ನಿಮ್ಮ ಅನುಮಾನಗಳಿಗೆ ಉತ್ತರ

*ಕಾಗದ ತೋರಿಸಿದರೆ ಜಮೀನಿಗೆ ತಕರಾರು ಬರುವುದಿಲ್ಲವೇ?* ಫೋಟೊ ಇಟ್ಟುಕೊಂಡ ಮಾತ್ರಕ್ಕೆ ಯಾರಿಗೂ ಹಕ್ಕು ಬರುವುದಿಲ್ಲ. ಹಾಗಿದ್ದೂ ನಿಮಗೆ ಅಳುಕಿದ್ದರೆ ಆ ಪುಟವನ್ನು ಬಿಟ್ಟು ಉಳಿದವನ್ನು ಕೊಡಿ. ಯಾವುದು ಎಲ್ಲರಿಗೂ ತೆರೆದಿರಬೇಕು, ಯಾವುದು ಅಧ್ಯಯನ ಮಾಡುವವರಿಗೆ ಮಾತ್ರ, ಯಾವುದು ಮುಚ್ಚಿರಬೇಕು ಎಂದು ತೀರ್ಮಾನಿಸುವವರು ಮನೆಯವರೇ.

*ಮನೆತನದ ಮರ್ಯಾದೆ?* ಸಾಲ, ಜೀತ, ಜಾತಿಯ ಅವಮಾನ ಈ ಕಾಗದಗಳಲ್ಲಿ ಇದ್ದೇ ಇವೆ. ಅವನ್ನು ಅಳಿಸುವುದು ನೊಂದವರಿಗೆ ಎರಡನೆಯ ಸಲ ಮಾಡುವ ಅನ್ಯಾಯ. ಆದರೆ ಈಗ ಬದುಕಿರುವವರ ಹೆಸರು ಬಹಿರಂಗವಾಗದಂತೆ ಎಚ್ಚರ ವಹಿಸುವುದು ನಮ್ಮ ಹೊಣೆ.

*ಒಳ್ಳೆಯ ಬೆಲೆ ಕೊಡುವವರಿಗೆ ಮಾರಿದರೆ ಏನು?* ಐತಿಹಾಸಿಕ ಮಹತ್ವದ, 75 ವರ್ಷ ದಾಟಿದ ಹಸ್ತಪ್ರತಿ, ದಾಖಲೆಗಳು 1972ರ ಪ್ರಾಚ್ಯವಸ್ತು ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. ಖಾಸಗಿಯವರು ಅವನ್ನು ದೇಶದಿಂದ ಹೊರಗೆ ಸಾಗಿಸುವುದು ಅಪರಾಧ. ಮನೆಯಲ್ಲಿ ಇಟ್ಟುಕೊಳ್ಳಲು ಆಗದಿದ್ದರೆ ಕೆಳದಿಯ ವಸ್ತುಸಂಗ್ರಹಾಲಯದಂಥ ಕಡೆ ರಸೀದಿ ಪಡೆದು ಕೊಡಿ.

ದಯವಿಟ್ಟು ಹೀಗೆ ಮಾಡಬೇಡಿ

• ಕಡತವನ್ನು ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ. ಬಳಪದ ಬರಹ ಅಳಿಸಿಹೋಗುತ್ತದೆ.
• ಹಳೇ ಕಾಗದಕ್ಕೆ ಲ್ಯಾಮಿನೇಷನ್ ಮಾಡಿಸಬೇಡಿ, ಸೆಲೋಟೇಪ್ ಹಚ್ಚಬೇಡಿ.
• ಅಂಟಿಕೊಂಡ ತಾಳೆಗರಿಗಳನ್ನು ಎಳೆದು ಬಿಡಿಸಬೇಡಿ. ಬಲ್ಲವರು ಬರುವವರೆಗೆ ಹತ್ತಿಬಟ್ಟೆಯಲ್ಲಿ ಸುತ್ತಿ ಒಣಗಿದ ಜಾಗದಲ್ಲಿಡಿ.
• ಶಾಸನದ ಕಲ್ಲಿಗೆ ಪೇಂಟ್ ಬಳಿಯಬೇಡಿ, ಆಸಿಡ್ ಹಾಕಿ ತೊಳೆಯಬೇಡಿ.
• ಫೋಟೊಗಳನ್ನು ವಾಟ್ಸ್‌ಆ್ಯಪ್‌ನಲ್ಲಿ ಚಿತ್ರವಾಗಿ ಕಳಿಸಿ ಅಷ್ಟಕ್ಕೇ ಬಿಡಬೇಡಿ. ಅಲ್ಲಿ ಅವುಗಳ ಸ್ಪಷ್ಟತೆ ತಗ್ಗುತ್ತದೆ. ಮೂಲ ಫೈಲನ್ನು ಎರಡು ಬೇರೆ ಬೇರೆ ಕಡೆ ಇಡಿ.

ನಮ್ಮ ಕೋರಿಕೆ

ಮನೆಯ ಯಜಮಾನರೇ, ಯಜಮಾನ್ತಿಯರೇ: ಬೇಸಿಗೆಯಲ್ಲಿ ಅಟ್ಟ ಶುಚಿಮಾಡುವಾಗ ಯಾವ ಕಟ್ಟನ್ನೂ ಬಿಚ್ಚಿ ನೋಡದೆ ಎಸೆಯಬೇಡಿ. ಬಳಗದವರಿಗೆ ಒಂದು ಮಾತು ಹೇಳಿ ಕಳಿಸಿ.

ಹಿರಿಯರೇ: ಮೋಡಿ, ತಿಗಳಾರಿ ಓದಲು ಬಂದರೆ ವಾರಕ್ಕೊಂದು ಸಂಜೆ ನಮ್ಮ ಮಕ್ಕಳಿಗೆ ಕಲಿಸಿಕೊಡಿ.

ಯುವಕ ಯುವತಿಯರೇ: ಮೊಬೈಲ್ ನಿಮ್ಮದು, ಅಜ್ಜ-ಅಜ್ಜಿಯೂ ನಿಮ್ಮವರೇ. ಪ್ರತಿ ಫೋಟೊದ ಜೊತೆ ಯಾವ ಮನೆ, ಯಾವ ಊರು, ಯಾರು ಓದಿದರು, ಯಾವ ದಿನ ಎಂದು ಬರೆದಿಡಿ. ಯಂತ್ರ ಓದಿದ್ದನ್ನು 'ಯಂತ್ರದ ಓದು' ಎಂದೇ ಗುರುತಿಸಿ. ಇಬ್ಬರು ಬಲ್ಲವರು ನೋಡಿ ಒಪ್ಪಿದ ಮೇಲೆ ಮಾತ್ರ ಅದನ್ನು ದಾಖಲೆ ಎನ್ನಿ.

ಗ್ರಾಮ ಪಂಚಾಯಿತಿ ಸದಸ್ಯರೇ, ಮೇಷ್ಟ್ರೇ: ಪಂಚಾಯಿತಿ ಗ್ರಂಥಾಲಯದಲ್ಲಿ ಒಂದು ಕಪಾಟು, ಒಂದು ಕಂಪ್ಯೂಟರು, ಒಂದು ಹಾರ್ಡ್ ಡಿಸ್ಕ್ ಈ ಕೆಲಸಕ್ಕೆ ಮೀಸಲಿಡಿ. ಊರಿನ ಶಾಸನ, ವೀರಗಲ್ಲುಗಳ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಓದಿ ದಾಖಲು ಮಾಡಿ. ರಸ್ತೆ ಅಗಲ ಮಾಡುವಾಗ ಆ ಪಟ್ಟಿ ನೋಡಿ ಮುಂದುವರಿಯಿರಿ.

ನಮ್ಮ ಊರಿನ ಚರಿತ್ರೆಯನ್ನು ಹೊರಗಿನವರು ಬಂದು ಬರೆಯಲಿ ಎಂದು ಕಾಯುವ ಅಗತ್ಯವಿಲ್ಲ. ಕಾಗದ ನಮ್ಮಲ್ಲಿದೆ, ಓದಬಲ್ಲ ಹಿರಿಯರು ನಮ್ಮಲ್ಲಿದ್ದಾರೆ, ಯಂತ್ರವೂ ಕೈಗೆ ಬಂದಿದೆ. ಈ ಮೂರೂ ಒಟ್ಟಿಗೆ ಇರುವ ಕಾಲ ಬಹಳ ದಿನ ಇರುವುದಿಲ್ಲ. ಮುಂದಿನ ಮುಂಗಾರು ಹಿಡಿಯುವ ಮುನ್ನ ನಿಮ್ಮ ಮನೆಯ ಪೆಟ್ಟಿಗೆ ತೆರೆಯಿರಿ, ನಮ್ಮನ್ನು ಕರೆಯಿರಿ.

ಓದಿದ ಮೇಲೆ ಈ ಕರಪತ್ರವನ್ನು ಪಕ್ಕದ ಮನೆಗೆ ಕೊಡಿ.